ಕಾಸರಗೋಡಿನಿಂದ ಹೊರದೇಶಕ್ಕೆ ಕಮ್ಯುನಿಕೇಶನ್ ಎಂ.ಎ.: ಕೋರ್ಸ್ ಆರಿಸುವಲ್ಲಿಂದ ಮೊದಲ ಸೆಮಿಸ್ಟರಿನ ತನಕ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ, ಪತ್ರಿಕೋದ್ಯಮದಲ್ಲೋ ಸಾಹಿತ್ಯದಲ್ಲೋ ಡಿಗ್ರಿ ಮುಗಿಸಿದವರಿಗೆ ಹೊರದೇಶದಲ್ಲಿ ಕಮ್ಯುನಿಕೇಶನ್ ಓದುವುದು ಎಟುಕದ ಸಂಗತಿಯೇನಲ್ಲ. ನರ್ಸಿಂಗಿಗೆ, ಎಂಜಿನಿಯರಿಂಗಿಗೆ ದಾರಿ ಹೇಳುವವರು ಊರೂರಲ್ಲಿ ಸಿಗುತ್ತಾರೆ, ಈ ವಿಷಯಕ್ಕೆ ಸಿಗುವುದು ಅಪರೂಪ. ಚೆನ್ನಾಗಿ ಓದಿದವರ ಅರ್ಜಿಯೂ ತಪ್ಪು ವಿಭಾಗಕ್ಕೆ ಹೋದದ್ದರಿಂದ, ಎರಡು ದಾಖಲೆಯಲ್ಲಿ ಹೆಸರು ಬೇರೆಯಾದದ್ದರಿಂದ, ಹಣ ಸಲ್ಲದ ಖಾತೆಯಲ್ಲಿ ಇದ್ದುದರಿಂದ ಬಿದ್ದುಹೋಗುತ್ತದೆ. ಈ ಮೂರನ್ನೂ ಮನೆಯಲ್ಲೇ ಕೂತು ತಪ್ಪಿಸಬಹುದು. ಇಲ್ಲಿ ಕೊಟ್ಟ ಮೊತ್ತಗಳು ಯಾವಾಗಿನಿಂದ ಜಾರಿಯಲ್ಲಿವೆ ಎಂಬುದನ್ನು ಆದಷ್ಟು ಜೊತೆಗೇ ಬರೆದಿದೆ. ಹಣ ಕಟ್ಟುವ ದಿನ ಆಯಾ ಸರಕಾರದ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಯಾವ ವಿಭಾಗ, ಯಾವ ದೇಶ

ಒಂದೇ ಹೆಸರಿನಡಿ ಬೇರೆ ಬೇರೆ ಓದು ನಡೆಯುತ್ತದೆ. ಅಮೆರಿಕದಲ್ಲಿ ಕಮ್ಯುನಿಕೇಶನ್ ವಿಭಾಗ ಹುಟ್ಟಿದ್ದು ಭಾಷಣಕಲೆಯ ಬೋಧನೆಯಿಂದ. ಅಲ್ಲಿನ ಅಧ್ಯಾಪಕರ ರಾಷ್ಟ್ರೀಯ ಸಂಘ 1914ರಷ್ಟು ಹಳೆಯದು. ಹಾಗಾಗಿ ಅಲ್ಲಿ ವಾಗ್ಮಿತೆ, ವ್ಯಕ್ತಿ ವ್ಯಕ್ತಿಗಳ ನಡುವಿನ ಮಾತು, ಸಂಸ್ಥೆಗಳ ಒಳಗಿನ ಸಂವಹನ, ಆರೋಗ್ಯ ಸಂವಹನ, ಅಂತರ್‌ಸಂಸ್ಕೃತಿ ಸಂವಹನ ಇವು ಮುಖ್ಯ. ವರದಿಗಾರಿಕೆ ಕಲಿಯಬೇಕಾದರೆ ಅಲ್ಲಿ ಜರ್ನಲಿಸಂ ಶಾಲೆಯೇ ಬೇರೆ. ಬ್ರಿಟನ್‌ನಲ್ಲಿ ‘ಮೀಡಿಯಾ ಅಂಡ್ ಕಮ್ಯುನಿಕೇಶನ್ಸ್’ ಎಂದರೆ ಮಾಧ್ಯಮದ ಸಮಾಜಶಾಸ್ತ್ರ, ರಾಜಕೀಯ, ಸಂಸ್ಕೃತಿ ಅಧ್ಯಯನ. ಎಲ್‌ಎಸ್‌ಇ, ಲೀಡ್ಸ್, ಲೆಸ್ಟರ್, ಗೋಲ್ಡ್‌ಸ್ಮಿತ್ಸ್ ಈ ಸಾಲಿನವು. ಅಲ್ಲಿ ಕ್ಯಾಮೆರಾ ಹಿಡಿಯುವುದಕ್ಕಿಂತ ಓದುವುದು, ಬರೆಯುವುದು ಹೆಚ್ಚು. ಕಾರ್ಡಿಫ್ ಪತ್ರಿಕೋದ್ಯಮದ ತರಬೇತಿಗೆ ಹೆಸರಾದದ್ದು. ‘ಕಮ್ಯುನಿಕೇಶನ್ ಸೈನ್ಸಸ್ ಅಂಡ್ ಡಿಸಾರ್ಡರ್ಸ್’ ಎಂದಿದ್ದರೆ ಅದು ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವ ಓದು, ನಿಮಗೆ ಸಂಬಂಧವಿಲ್ಲ.

ಕೋರ್ಸಿನ ಹೆಸರನ್ನಾಗಲಿ ರ‍್ಯಾಂಕಿಂಗನ್ನಾಗಲಿ ನಂಬಿ ಆರಿಸಬೇಡಿ. ಪ್ರತಿ ಕೋರ್ಸಿಗೂ ಮೂರು ಸಂಗತಿ ನೋಡಿ. ಕಡ್ಡಾಯ ಪತ್ರಿಕೆಗಳು (ಪಾಠದ ವಿಷಯಗಳು) ಯಾವುವು, ಕೊನೆಯಲ್ಲಿ ಪ್ರಬಂಧವೋ ಪ್ರಾಜೆಕ್ಟೋ ಪರೀಕ್ಷೆಯೋ, ಮತ್ತು ಅಲ್ಲಿನ ಅಧ್ಯಾಪಕರು ಈಚೆಗೆ ಏನು ಬರೆದಿದ್ದಾರೆ. ನಿಮ್ಮ ವಿಷಯಕ್ಕೆ ಹತ್ತಿರದವರು ಇಬ್ಬರಾದರೂ ಇಲ್ಲದಿದ್ದರೆ ಆ ಕೋರ್ಸ್ ಬಿಟ್ಟುಬಿಡಿ. ದೊಡ್ಡ ಹೆಸರಿಗೆ ಮರುಳಾದರೆ ಶ್ರಮ ದಂಡವಾಗುವುದೂ ಉಂಟು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ಶಾಲೆ ಮುಖ್ಯವಾಗಿ ಪಿಎಚ್.ಡಿ.ಗೆ ತೆಗೆದುಕೊಳ್ಳುವಂಥದ್ದು. ಅದೇ ಹೆಸರಿನ ಇನ್ನೊಂದು ಶಾಲೆ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿದೆ, ಎಂ.ಎ. ಮಟ್ಟದ ಕೋರ್ಸುಗಳು ಹೆಚ್ಚಿರುವುದು ಅಲ್ಲಿ.

ಅಮೆರಿಕಕ್ಕೆ ಹೋಗುವವರು ಕೋರ್ಸಿನ ಸಿಐಪಿ ಸಂಖ್ಯೆಯನ್ನು (ಅಲ್ಲಿ ಪ್ರತಿ ಓದಿನ ವಿಷಯಕ್ಕೂ ಕೊಟ್ಟ ಗುರುತಿನ ಸಂಖ್ಯೆ) ಕೇಳಿ ತಿಳಿಯಲೇಬೇಕು. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಓಪಿಟಿ ಅವಧಿ ಎಲ್ಲರಿಗೂ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಕೋರ್ಸಾದರೆ ಇನ್ನೂ 24 ತಿಂಗಳು ಸೇರುತ್ತದೆ. ಡಿಜಿಟಲ್ ಕಮ್ಯುನಿಕೇಶನ್ ಮತ್ತು ಮಲ್ಟಿಮೀಡಿಯಾದ 09.0702 ಆ ಪಟ್ಟಿಯಲ್ಲಿದೆ, ಜರ್ನಲಿಸಂನ 09.0401 ಇಲ್ಲ. ಅಕ್ಕಪಕ್ಕದ ಎರಡು ಕೋರ್ಸುಗಳ ಪಾಠ ಮುಕ್ಕಾಲು ಪಾಲು ಒಂದೇ ಆಗಿದ್ದರೂ ಈ ಸಂಖ್ಯೆಯಿಂದ ಎರಡು ವರ್ಷದ ವ್ಯತ್ಯಾಸ ಬೀಳುತ್ತದೆ. ಜಾಲತಾಣದಲ್ಲಿ ಕಾಣದಿದ್ದರೆ ವಿಭಾಗದ ಕಚೇರಿಗೆ ಮೇಲ್ ಬರೆದು, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಸಾಮಾನ್ಯವಾಗಿ ಇಲ್ಲ (ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ). ಆದರೆ ಈ ವಿಷಯದಲ್ಲಿ ಇಂಗ್ಲಿಷಿನಲ್ಲಿ ಪೂರ್ತಿ ನಡೆಯುವ ಕೋರ್ಸುಗಳು ಕಡಿಮೆ. ಜೊತೆಗೆ ಹಲವು ಕಡೆ ಡಿಗ್ರಿಯಲ್ಲೇ ಮಾಧ್ಯಮ ಅಥವಾ ಸಮಾಜವಿಜ್ಞಾನದ ಇಷ್ಟು ಕ್ರೆಡಿಟ್ ಆಗಿರಬೇಕೆಂಬ ನಿಯಮ ಇದೆ. ಬಿ.ಎ. ಕನ್ನಡದವರು ಎಡವುವುದು ಇಲ್ಲೇ. ಹೆಚ್ಚು ವ್ಯಾಪ್ತಿ ಬೇಕಾದವರು ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಎರಾಸ್ಮಸ್ ಮುಂಡುಸ್ ಪತ್ರಿಕೋದ್ಯಮ ಕೋರ್ಸನ್ನೂ ನೋಡಬಹುದು. ಅದರಲ್ಲಿ ಮೊದಲ ವರ್ಷ ಡೆನ್ಮಾರ್ಕಿನ ಆರ್‌ಹುಸ್‌ನಲ್ಲಿ, ಎರಡನೆಯದು ಇನ್ನೊಂದು ವಿಶ್ವವಿದ್ಯಾಲಯದಲ್ಲಿ.

ಮೂರು ವರ್ಷದ ಡಿಗ್ರಿಯವರಿಗೆ

ಕಣ್ಣೂರು ಅಥವಾ ಮಂಗಳೂರು ವಿಶ್ವವಿದ್ಯಾಲಯದ ಮೂರು ವರ್ಷದ ಡಿಗ್ರಿ ಬ್ರಿಟನ್ನಿಗೆ ಸಾಕು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು 16 ವರ್ಷದ ಓದು ಕೇಳುತ್ತವೆ, ನಮ್ಮದು 12 ಮತ್ತು 3 ಸೇರಿ 15. ಕೆಲವು ಕಡೆ ನ್ಯಾಕ್ ‘ಎ’ ಶ್ರೇಣಿಯ ಕಾಲೇಜು ಮತ್ತು ಪ್ರಥಮ ದರ್ಜೆ ಇದ್ದರೆ ಒಪ್ಪುತ್ತಾರೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಗ್ರಾಜುಯೇಟ್ ಅಡ್ಮಿಶನ್ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಅಥವಾ ಕೊಣಾಜೆಯಲ್ಲಿ ಪತ್ರಿಕೋದ್ಯಮ ಎಂ.ಎ. ಮುಗಿಸಿದವರಿಗೆ ಈ ಚಿಂತೆ ಇಲ್ಲ. ಕೇರಳದಲ್ಲಿ 2024ರಲ್ಲಿ ಶುರುವಾದ ನಾಲ್ಕು ವರ್ಷದ ಡಿಗ್ರಿಗೆ ಸೇರಿದವರು ಅಮೆರಿಕದ ಯೋಚನೆ ಇದ್ದರೆ ಮೂರನೇ ವರ್ಷಕ್ಕೆ ಹೊರಬೀಳದೆ ಆನರ್ಸ್ ಮುಗಿಸುವುದೇ ಒಳ್ಳೆಯದು.

ಅಮೆರಿಕಕ್ಕೆ ಸ್ವಲ್ಪ ಹೆಚ್ಚು ಕಾಯುವುದರಲ್ಲಿ ಲಾಭವೂ ಇದೆ. ಅಲ್ಲಿನ ಅನೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಭಾಷಣದ ಪತ್ರಿಕೆ ಇರುತ್ತದೆ. ಅದನ್ನು ಕಲಿಸುವ ಕೆಲಸವನ್ನು ಕಮ್ಯುನಿಕೇಶನ್ ಎಂ.ಎ. ವಿದ್ಯಾರ್ಥಿಗಳಿಗೆ ಕೊಟ್ಟು, ಬದಲಿಗೆ ಶುಲ್ಕ ಮನ್ನಾ ಮಾಡಿ ತಿಂಗಳ ಭತ್ಯೆ ಕೊಡುತ್ತಾರೆ. ಬೋಧನಾ ಸಹಾಯಕ ಹುದ್ದೆ ಎಂದರೆ ಇದೇ. ನಮ್ಮ ಕಡೆಯ ಮಧ್ಯಮ ವರ್ಗದ ಮನೆಯವರಿಗೆ ಅಮೆರಿಕ ಕೈಗೆಟುಕುವುದು ಹೆಚ್ಚಾಗಿ ಈ ಒಂದು ದಾರಿಯಲ್ಲಿ. ಇದಕ್ಕೆ ಗಡುವು ಡಿಸೆಂಬರ್ ಒಂದರಿಂದ ಜನವರಿ ನಡುವಿನ ತನಕ, ಸಾಮಾನ್ಯ ಪ್ರವೇಶದ ಗಡುವಿಗಿಂತ ಮುಂಚೆ. ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ಹೆಚ್ಚಿನ ಅಂಕ ಕೇಳುತ್ತಾರೆ. ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು, ಶಾಲಾ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಿದವರು, ಸಭೆಗಳಲ್ಲಿ ನಿರೂಪಣೆ ಮಾಡಿದವರು ಅದನ್ನು ಬೋಧನಾನುಭವದ ಭಾಗವಾಗಿ ವಿವರವಾಗಿ ಬರೆಯಿರಿ. ಇದು ಹವ್ಯಾಸದ ಸಾಲಿನಲ್ಲಿ ಸೇರಿಸಿ ಮುಗಿಸುವ ಸಂಗತಿಯಲ್ಲ.

ಉದ್ದೇಶ ಪತ್ರ ಮತ್ತು ಬರಹದ ಮಾದರಿ

ಅರ್ಜಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ನಮ್ಮವರು ಅತಿ ಕಡಿಮೆ ಸಮಯ ಕೊಡುವುದೂ ಇದಕ್ಕೇ. ‘ಚಿಕ್ಕಂದಿನಿಂದ ಮಾಧ್ಯಮದ ಮೇಲೆ ಆಸಕ್ತಿ’, ‘ಸಮಾಜಕ್ಕೆ ಏನಾದರೂ ಮಾಡಬೇಕು’ ಎಂಬ ಸಾಲುಗಳನ್ನು ಆಯ್ಕೆ ಸಮಿತಿ ದಿನಕ್ಕೆ ಹತ್ತಾರು ಬಾರಿ ಓದುತ್ತದೆ. ಅವರಿಗೆ ಬೇಕಾದದ್ದು ಒಂದು ಪ್ರಶ್ನೆ, ಆ ಪ್ರಶ್ನೆಗೆ ನೀವೇ ಯಾಕೆ ತಕ್ಕವರು ಎಂಬ ಕಾರಣ, ಅದನ್ನು ಅವರ ವಿಭಾಗದಲ್ಲೇ ಯಾಕೆ ಓದಬೇಕು ಎಂಬ ಉತ್ತರ.

ಪ್ರಶ್ನೆ ಹುಡುಕಲು ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ, ಸ್ಟಾಕ್‌ಹೋಂ ಒಪ್ಪಂದದ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ಅದರಿಂದ ಬಾಧೆಪಟ್ಟ ಎಣ್ಮಕಜೆಯ ಮನೆಗಳ ಮಾತು ಅಲ್ಲಿಗೆ ಮುಟ್ಟಲು ಅಷ್ಟು ಕಾಲ ಯಾಕೆ ಹಿಡಿಯಿತು, ಊರಿನ ವರದಿಗಾರರು, ವೈದ್ಯರು, ತಾಯಂದಿರು ಯಾವ ಭಾಷೆಯಲ್ಲಿ ಯಾರಿಗೆ ಹೇಳಿದರು, ಅಧಿಕಾರಿಗಳು ಅದನ್ನು ಯಾವ ಮಾತಿನಲ್ಲಿ ತಳ್ಳಿಹಾಕಿದರು? ಇದು ಆರೋಗ್ಯ ಸಂವಹನ ಮತ್ತು ಅಪಾಯ ಸಂವಹನದ ಗಟ್ಟಿ ಪ್ರಶ್ನೆ. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರೇ ಬರೆಯುವ ಪದ್ಧತಿ ಅಭಿವೃದ್ಧಿ ಸಂವಹನದ ಪ್ರಶ್ನೆಯಾಗುತ್ತದೆ. ತಾಳಮದ್ದಳೆಯಲ್ಲಿ ಬರೆದಿಟ್ಟ ಮಾತಿಲ್ಲದೆ ಇಬ್ಬರು ಅರ್ಥಧಾರಿಗಳು ವಾದ ಕಟ್ಟುವ ಬಗೆ ವಾಗ್ಮಿತೆಯ ಅಧ್ಯಯನಕ್ಕೆ ಒದಗುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂಬ ನಮ್ಮ ದಿನನಿತ್ಯದ ಬದುಕು, ಅಲ್ಪಸಂಖ್ಯಾತ ಭಾಷೆಗೆ ಸರಕಾರಿ ಸೂಚನೆ ಮುಟ್ಟುವ ಅಥವಾ ಮುಟ್ಟದಿರುವ ವಿಚಾರ, ಇವೆರಡನ್ನೂ ಯುರೋಪಿನಲ್ಲಿ ವೇಲ್ಸ್, ಐರ್ಲೆಂಡ್, ಬಾಸ್ಕ್ ನಾಡುಗಳ ಸಂದರ್ಭದಲ್ಲಿ ಆಳವಾಗಿ ಓದುತ್ತಾರೆ. ಹೋಲಿಸಿ ನೋಡಲು ಅಲ್ಲಿ ಸಾಮಗ್ರಿ ತಯಾರಿದೆ.

ಪತ್ರ 800ರಿಂದ 1,000 ಶಬ್ದ ಇರಲಿ. ಮೊದಲ ಪ್ಯಾರಾದಲ್ಲೇ ಪ್ರಶ್ನೆ ಬರಲಿ. ಎರಡನೆಯದರಲ್ಲಿ ಈ ತನಕ ಮಾಡಿದ ಕೆಲಸವನ್ನು ದಿನಾಂಕ, ಸಂಸ್ಥೆ, ಫಲಿತಾಂಶ ಸಹಿತ ಹೇಳಿ. ‘ಸ್ಥಳೀಯ ಪತ್ರಿಕೆಗೆ ಬರೆದಿದ್ದೇನೆ’ ಎಂದರೆ ಸಾಲದು. ಯಾವ ಪಂಚಾಯತಿನ ಯಾವ ಬಗೆಯ ಸುದ್ದಿ, ತಿಂಗಳಿಗೆ ಎಷ್ಟು, ಅದರಿಂದ ಏನಾಯಿತು ಎಂಬುದೂ ಬರಲಿ. ಮೂರನೆಯದು ಆ ವಿಭಾಗದ ಇಬ್ಬರು ಅಧ್ಯಾಪಕರ ಕೆಲಸಕ್ಕೂ ಎರಡು ಪತ್ರಿಕೆಗಳಿಗೂ ನಿಮ್ಮ ಪ್ರಶ್ನೆ ಹೇಗೆ ಕೂಡುತ್ತದೆ ಎಂಬುದು. ಅವರ ಒಂದು ಲೇಖನವನ್ನಾದರೂ ಪೂರ್ತಿ ಓದದೆ ಹೆಸರು ಹಾಕಬೇಡಿ. ವಿಶ್ವವಿದ್ಯಾಲಯದ ಹೆಸರು ಬದಲಿಸಿ ಅದೇ ಪತ್ರವನ್ನು ಐದು ಕಡೆ ಕಳಿಸಿದರೆ ಓದುವವರಿಗೆ ಥಟ್ಟನೆ ಗೊತ್ತಾಗುತ್ತದೆ. ಕನ್ಸಲ್ಟೆನ್ಸಿಯವರು ಬರೆದುಕೊಟ್ಟ ಪತ್ರವೂ ಹಾಗೆಯೇ. ಎಷ್ಟೋ ಏಜೆಂಟರಿಗೆ ವಿದ್ಯಾರ್ಥಿ ಸೇರಿದ ಮೇಲೆ ವಿಶ್ವವಿದ್ಯಾಲಯದಿಂದ ಕಮಿಷನ್ ಸಿಗುತ್ತದೆ. ಕಮಿಷನ್ ಕೊಡದ ವಿಶ್ವವಿದ್ಯಾಲಯದ ಹೆಸರು ಅವರ ಬಾಯಲ್ಲಿ ಬರುವುದು ಕಡಿಮೆ ಎಂಬುದನ್ನು ಮನಸ್ಸಿನಲ್ಲಿಟ್ಟು ಅವರ ಸಲಹೆ ಕೇಳಿ.

ಅಮೆರಿಕದ ಎಂ.ಎ.ಗೆ 10ರಿಂದ 20 ಪುಟದ ಬರಹದ ಮಾದರಿಯನ್ನೂ ಕೇಳುವುದುಂಟು. ಕನ್ನಡದಲ್ಲಿ ಬರೆದ ಡಿಗ್ರಿ ಪ್ರಾಜೆಕ್ಟ್ ಇದ್ದರೆ ಇಡೀ ಅನುವಾದ ಮಾಡಲು ಹೋಗಬೇಡಿ. ಒಂದು ಅಧ್ಯಾಯವನ್ನು ತೆಗೆದು ಇಂಗ್ಲಿಷಿನಲ್ಲಿ ಹೊಸದಾಗಿ ವಾದ ಕಟ್ಟಿ, ಕನ್ನಡ ಉಲ್ಲೇಖಗಳನ್ನು ರೋಮನ್ ಲಿಪಿಯಲ್ಲಿ ಕೊಟ್ಟು ಕೆಳಗೆ ನಿಮ್ಮದೇ ಅನುವಾದ ಹಾಕಿ. ಸಮಾಜವಿಜ್ಞಾನದ ಕಡೆಗೆ ವಾಲಿದ ವಿಭಾಗವಾದರೆ ಉಲ್ಲೇಖಕ್ಕೆ ಎಪಿಎ 7ನೇ ಆವೃತ್ತಿಯ ಶೈಲಿ, ವಾಗ್ಮಿತೆ ಅಥವಾ ಸಂಸ್ಕೃತಿಯ ಕಡೆಯದಾದರೆ ಎಂಎಲ್‌ಎ ಅಥವಾ ಶಿಕಾಗೊ.

ಶಿಫಾರಸು ಪತ್ರ ಎರಡೋ ಮೂರೋ ಬೇಕು. ನಮ್ಮ ಕಾಲೇಜಿನ ಅಧ್ಯಾಪಕರಲ್ಲಿ ಹಲವರು ಜಿಮೇಲ್ ಬಳಸುತ್ತಾರೆ, ವಿದೇಶಿ ಪೋರ್ಟಲುಗಳು ಸಂಸ್ಥೆಯ ಮೇಲ್ ವಿಳಾಸ ಕೇಳುತ್ತವೆ. ಕಾಲೇಜಿನ ಅಥವಾ ವಿಭಾಗದ ಅಧಿಕೃತ ವಿಳಾಸದಿಂದ ಕಳಿಸುವ ವ್ಯವಸ್ಥೆಯನ್ನು ಆರು ವಾರ ಮೊದಲೇ ಮಾತಾಡಿಕೊಳ್ಳಿ. ಮಾಸ್ತರರ ಕೈಗೆ ನಿಮ್ಮ ಅಂಕಪಟ್ಟಿ, ಉದ್ದೇಶ ಪತ್ರದ ಕರಡು, ಅವರ ತರಗತಿಯಲ್ಲಿ ನೀವು ಮಾಡಿದ ಸೆಮಿನಾರಿನ ವಿವರ ಕೊಟ್ಟರೆ ಪತ್ರಕ್ಕೆ ಜೀವ ಬರುತ್ತದೆ.

ಹೆಸರು, ಅಂಕಪಟ್ಟಿ, ದೃಢೀಕರಣ

ನಮ್ಮಲ್ಲಿ ಹೆಸರು ಮೂರು ಕಡೆ ಮೂರು ಬಗೆ ಇರುವುದು ಸಾಮಾನ್ಯ. ಎಸ್ಸೆಸ್ಸೆಲ್ಸಿಯಲ್ಲಿ ಹೆಸರಿನ ಮುಂದೆ ಮನೆಯ ಅಥವಾ ಊರಿನ ಒಂದಕ್ಷರ, ಆಧಾರ್ ಕಾರ್ಡಿನಲ್ಲಿ ಅದರ ಪೂರ್ಣರೂಪ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು. ತಂದೆಯ ಹೆಸರು ‘ಭಟ್’, ‘ಭಟ್ಟ’, ‘ಭಟ್ಟ್’ ಎಂದು ಬೇರೆ ಬೇರೆ ಕಾಗುಣಿತದಲ್ಲಿದ್ದರೆ ಬ್ಯಾಂಕಿನ ಕಾಗದ ನಿಮ್ಮ ತಂದೆಯದ್ದೇ ಎಂದು ತೋರಿಸಲು ಕಷ್ಟ. ವ್ಯತ್ಯಾಸ ಸಣ್ಣದಾದರೆ ಅಕ್ಷಯ ಕೇಂದ್ರದ ಮೂಲಕ ಇ-ಡಿಸ್ಟ್ರಿಕ್ಟಿನಲ್ಲಿ ಅರ್ಜಿ ಕೊಟ್ಟು ‘ವನ್ ಅಂಡ್ ಸೇಮ್’ ಸರ್ಟಿಫಿಕೇಟ್ ತೆಗೆಸಿ, ಇಬ್ಬರೂ ಒಬ್ಬರೇ ಎಂದು ಕಂದಾಯ ಇಲಾಖೆ ಬರೆದುಕೊಡುತ್ತದೆ.

ಪಾಸ್‌ಪೋರ್ಟಿಗೆ ಕಾಸರಗೋಡು ಅಂಚೆ ಕಚೇರಿಯ ಸೇವಾ ಕೇಂದ್ರವೋ ಪಯ್ಯನ್ನೂರಿನದ್ದೋ ಸಾಕು. 36 ಪುಟದ್ದಕ್ಕೆ 1,500 ರೂಪಾಯಿ. ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೆಲ್ಲ ಅಡ್ಡಹೆಸರಾಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಆಮೇಲೆ ಅಲ್ಲಿನ ಬ್ಯಾಂಕು, ಡ್ರೈವಿಂಗ್ ಲೈಸೆನ್ಸು ಎಲ್ಲ ಕಡೆ ಅದೇ ತಲೆನೋವು.

ಟ್ರಾನ್ಸ್‌ಕ್ರಿಪ್ಟನ್ನು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ ತೆಗೆಸಬೇಕು, ಕಾಲೇಜು ಕೊಡುವ ಅಂಕಪಟ್ಟಿಯ ನಕಲು ಸಾಲದು. ಮುದ್ರೆ ಹಾಕಿ ಮುಚ್ಚಿದ ಲಕೋಟೆಯ ಪ್ರತಿಗಳನ್ನು ಎರಡಾದರೂ ಹೆಚ್ಚಿಗೆ ಕೇಳಿ. ಡಬ್ಲ್ಯುಇಎಸ್ (ಹೊರದೇಶದ ಡಿಗ್ರಿಯನ್ನು ಅಲ್ಲಿನ ಲೆಕ್ಕದಲ್ಲಿ ಅಳೆಯುವ ಸಂಸ್ಥೆ) ಮೌಲ್ಯಮಾಪನ ಬೇಕೆಂದರೆ ದಾಖಲೆ ವಿಶ್ವವಿದ್ಯಾಲಯದಿಂದಲೇ ಅವರಿಗೆ ಹೋಗಬೇಕು, ನೀವು ಕಳಿಸಿದರೆ ಸ್ವೀಕರಿಸುವುದಿಲ್ಲ. ಹೊರನಾಡ ಕೇರಳೀಯರಿಗಾಗಿ ಕೇರಳ ಸರಕಾರ ನಡೆಸುವ ನೋರ್ಕಾದ ದೃಢೀಕರಣಕ್ಕಾಗಿ ಕೋಯಿಕ್ಕೋಡಿಗೆ ಓಡುವ ಮೊದಲು ಅದು ನಿಜಕ್ಕೂ ಬೇಕೋ ನೋಡಿ. ಗಲ್ಫಿನ ಕೆಲಸಕ್ಕೆ ಅದು ಬೇಕಾಗುವುದರಿಂದ ಎಲ್ಲದಕ್ಕೂ ಬೇಕೆಂಬ ನಂಬಿಕೆ ನಮ್ಮಲ್ಲಿದೆ. ಬ್ರಿಟನ್, ಅಮೆರಿಕದ ವಿದ್ಯಾರ್ಥಿ ವೀಸಾಕ್ಕೆ ಅದನ್ನು ಕೇಳುವುದಿಲ್ಲ. ಇಟಲಿಯಂಥ ದೇಶಕ್ಕೆ ಬೇಕಾದಾಗ ಮಂಗಳೂರಿನ ಡಿಗ್ರಿಯನ್ನು ಕರ್ನಾಟಕದ ವ್ಯವಸ್ಥೆಯಲ್ಲಿ, ಕೇರಳದ್ದನ್ನು ನೋರ್ಕಾದಲ್ಲಿ ಮಾಡಿಸಬೇಕು. ಜರ್ಮನಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ (ಅಂಕಪಟ್ಟಿ, ಡಿಗ್ರಿ ಪರಿಶೀಲಿಸಿ ಕೊಡುವಂಥದ್ದು) ಕಡ್ಡಾಯ, ಶುಲ್ಕ 18,000 ರೂಪಾಯಿ.

ಇಂಗ್ಲಿಷ್ ಪರೀಕ್ಷೆ

ಕಮ್ಯುನಿಕೇಶನ್ ಕೋರ್ಸುಗಳಿಗೆ ಐಇಎಲ್‌ಟಿಎಸ್‌ನಲ್ಲಿ 6.5ರಿಂದ 7 ಬೇಕು, ಕೆಲವು ಕಡೆ ಬರವಣಿಗೆಯಲ್ಲೇ 6.5 ಅಥವಾ 7 ಕೇಳುತ್ತಾರೆ. ಕನ್ನಡ ಮಾಧ್ಯಮದವರು ಹಿಂದೆ ಬೀಳುವುದು ಬರವಣಿಗೆಯ ಎರಡನೇ ಭಾಗದಲ್ಲಿ. ಅದಕ್ಕೆ 40 ನಿಮಿಷ, 250 ಶಬ್ದ. ಮೊದಲ ಭಾಗಕ್ಕೆ 20 ನಿಮಿಷ, 150 ಶಬ್ದ. ಎರಡನೆಯದಕ್ಕೆ ಅಂಕದ ತೂಕ ಇಮ್ಮಡಿ, ಆದ್ದರಿಂದ ಮೊದಲು ಅದನ್ನೇ ಬರೆಯುವುದು ಜಾಣತನ. ಸಾಮಾನ್ಯ ತಪ್ಪು ವ್ಯಾಕರಣದ್ದಲ್ಲ. ಪ್ರಶ್ನೆ ‘ಎಷ್ಟರ ಮಟ್ಟಿಗೆ ಒಪ್ಪುತ್ತೀರಿ’ ಎಂದು ಕೇಳಿದ್ದರೆ ನಾವು ಎರಡೂ ಬದಿಯನ್ನು ಹೇಳಿ, ನಮ್ಮ ನಿಲುವನ್ನು ಕೊನೆಯ ಸಾಲಿನಲ್ಲಿ ಹೇಳುತ್ತೇವೆ. ನಿಲುವು ಮೊದಲ ಪ್ಯಾರಾದಲ್ಲೇ ಬರಬೇಕು, ಮುಂದಿನ ಪ್ಯಾರಾಗಳು ಅದನ್ನು ಹೊರಬೇಕು. ಫಲಿತಾಂಶ ಎರಡು ವರ್ಷ ಸಲ್ಲುತ್ತದೆ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಪ್ಲಸ್ ಟು ಇಂಗ್ಲಿಷ್ ಅಂಕವನ್ನೇ ಒಪ್ಪುತ್ತವೆ. ಅವರ ಪಟ್ಟಿಯಲ್ಲಿ ನಿಮ್ಮ ಬೋರ್ಡಿನ ಹೆಸರು ಇದೆಯೋ ನೋಡಿ, ಇದ್ದರೆ ಪರೀಕ್ಷೆಯ ಖರ್ಚೇ ಉಳಿಯಿತು.

ಹಣ: ಎಷ್ಟು, ಯಾವ ಖಾತೆಯಲ್ಲಿ, ಯಾರ ಹೆಸರಲ್ಲಿ

ಬ್ರಿಟನ್ನಿನ ಲೆಕ್ಕವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಒಂದು ದಿನದ ಕೊರತೆಯೂ ವೀಸಾ ಕಳೆಯುತ್ತದೆ. ವಾಸದ ಖರ್ಚಿಗೆ ತೋರಿಸಬೇಕಾದ ಮೊತ್ತ 2025ರ ನವೆಂಬರಿನಿಂದ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್, ಗರಿಷ್ಠ ಒಂಬತ್ತು ತಿಂಗಳಿಗೆ. ಲೀಡ್ಸಿನಂಥ ಊರಿನಲ್ಲಿ ಶುಲ್ಕ 22,000 ಪೌಂಡ್ ಇದ್ದು, 5,000 ಮುಂಗಡ ಕಟ್ಟಿದ್ದೀರಿ ಎಂದುಕೊಳ್ಳಿ. ಉಳಿದ 17,000ಕ್ಕೆ 10,539 ಸೇರಿಸಿ 27,539 ಪೌಂಡಿಗೆ ಸಮನಾದ ರೂಪಾಯಿ ಸತತ 28 ದಿನ ಖಾತೆಯಲ್ಲಿ ಇರಬೇಕು. ಆ 28 ದಿನದ ಕೊನೆಯ ದಿನ, ಅರ್ಜಿ ಹಾಕುವ ದಿನಕ್ಕಿಂತ 31 ದಿನದ ಒಳಗಿರಬೇಕು. ರೂಪಾಯಿ ಬೆಲೆ ಇಳಿದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ನೂರಕ್ಕೆ ಐದರಷ್ಟಾದರೂ ಹೆಚ್ಚಿಗೆ ಇಡಿ.

ಹಣ ನಿಮ್ಮ ಅಥವಾ ತಂದೆತಾಯಿಯ ಹೆಸರಲ್ಲಿ ಇರಬೇಕು. ತಂದೆತಾಯಿಯದಾದರೆ ಜನನ ಪ್ರಮಾಣಪತ್ರ, ಒಪ್ಪಿಗೆ ಪತ್ರ ಜೊತೆಗಿರಲಿ. ದುಬೈಯ ಮಾವನೋ ಅಣ್ಣನೋ ಖರ್ಚು ನೋಡಿಕೊಳ್ಳುತ್ತಾರೆ ಎಂದರೆ ಅವರ ಖಾತೆಯ ಕಾಗದ ಬ್ರಿಟನ್ನಿಗೆ ಸಲ್ಲದು. ಅವರು ಮೊದಲೇ ನಿಮ್ಮ ಖಾತೆಗೆ ಹಣ ಹಾಕಿ, ಅಲ್ಲಿಂದ 28 ದಿನ ಎಣಿಸಬೇಕು. ಅಮೆರಿಕಕ್ಕೆ ಮಾವನ ಪ್ರಾಯೋಜಕತ್ವವೂ ನಡೆಯುತ್ತದೆ, ಖರ್ಚು ಹೊರುತ್ತೇನೆಂಬ ಅವರ ಅಫಿಡವಿಟ್ ಮತ್ತು ಆದಾಯದ ದಾಖಲೆ ಬೇಕು.

ಅಡಿಕೆ ಬೆಳೆಗಾರರ ಮನೆಯ ಹಣ ಹೆಚ್ಚಾಗಿ ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಇರುತ್ತದೆ. ಬ್ರಿಟನ್ನಿನ ನಿಯಮದ ಪ್ರಕಾರ ಸಂಸ್ಥೆ ಆ ದೇಶದ ಬ್ಯಾಂಕಿಂಗ್ ನಿಯಂತ್ರಕರ ಅಧೀನದಲ್ಲಿದ್ದು, ವಿದ್ಯುನ್ಮಾನ ದಾಖಲೆ ಇಟ್ಟು, ಪರಿಶೀಲನೆಗೆ ಸಿಗುವಂತಿರಬೇಕು. ಪ್ರಾಥಮಿಕ ಸಹಕಾರಿ ಸಂಘಗಳು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳಲ್ಲ. ಹಾಗಾಗಿ ಆ ಹಣವನ್ನು ರಾಷ್ಟ್ರೀಕೃತ ಅಥವಾ ಶೆಡ್ಯೂಲ್ಡ್ ಬ್ಯಾಂಕಿಗೆ ಅರ್ಜಿಗೆ ಎರಡು ತಿಂಗಳು ಇರುವಾಗಲೇ ವರ್ಗಾಯಿಸಿ. ಅಡಿಕೆ ಮಾರಿದ ಬಿಲ್ಲು, ಠೇವಣಿ ಮುರಿದ ರಶೀದಿ ಎಲ್ಲ ಇಟ್ಟುಕೊಳ್ಳಿ. ಒಮ್ಮೆಲೇ ದೊಡ್ಡ ಮೊತ್ತ ಬಂದರೆ ಎಲ್ಲಿಂದ ಎಂದು ಕೇಳುತ್ತಾರೆ.

ಬ್ಯಾಂಕ್ ಸಾಲಕ್ಕೆ ಹೋಗುವವರು ಮಾರ್ಚಿನೊಳಗೆ ಶುರು ಮಾಡಿ. 7.5 ಲಕ್ಷದ ಮೇಲೆ ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ತೋಟದ ದಾಖಲೆ ಕೊಟ್ಟಾಗ ಮ್ಯಾನೇಜರ್ ಹಿಂದೆಮುಂದೆ ನೋಡುವುದಕ್ಕೆ ಕಾರಣ ಇದೆ. ಸಾಲ ತೀರದಿದ್ದರೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಮನೆ ಇರುವ ಜಾಗವನ್ನು ತೋಟದಿಂದ ಬೇರೆಯಾಗಿ ತೋರಿಸಲು ಸಾಧ್ಯವಾದರೆ ಕೆಲಸ ಹಗುರ. ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನಲ್ಲಿ ಆ ಜಾಗ ‘ನಿಲಂ’ (ಗದ್ದೆ) ಎಂದಿದ್ದರೆ ಅಲ್ಲೂ ತಡೆ ಬರುತ್ತದೆ, ಮೊದಲೇ ವಿಲೇಜ್ ಆಫೀಸಿನಲ್ಲಿ ನೋಡಿಸಿ. ಜಾಗದ ಆಧಾರ ಪತ್ರ (ದಸ್ತಾವೇಜು), ಹಿಂದಿನ ಆಧಾರಗಳು, ಭೂತೆರಿಗೆ ರಶೀದಿ, ಪೊಸೆಷನ್ ಸರ್ಟಿಫಿಕೇಟ್, ಋಣಭಾರ ಪತ್ರ ಬೇಕು. 1956ಕ್ಕಿಂತ ಮೊದಲು ನಾವು ದಕ್ಷಿಣ ಕನ್ನಡಕ್ಕೆ ಸೇರಿದ್ದುದರಿಂದ ಹಳೆಯ ದಸ್ತಾವೇಜುಗಳು ಕನ್ನಡದಲ್ಲಿ ಇರುತ್ತವೆ. ಬ್ಯಾಂಕಿನ ವಕೀಲರಿಗೆ ಕನ್ನಡ ಬಾರದಿದ್ದರೆ ಅಭಿಪ್ರಾಯಕ್ಕೆ ವಾರಗಟ್ಟಲೆ ತಡವಾಗುತ್ತದೆ. ಕನ್ನಡ ಬಲ್ಲ ವಕೀಲರನ್ನೇ ಕೊಡಿ ಎಂದು ಕೇಳಲು ಸಂಕೋಚ ಬೇಡ. ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಭಾರತದೊಳಗಿನ ಸಂಸ್ಥೆಗಳಿಗೆ ಮಾತ್ರ. ಬ್ಯಾಂಕಿನ ವಿದ್ಯಾಸಾಲದಿಂದ ಹೊರದೇಶಕ್ಕೆ ಹೋಗುವ ಶುಲ್ಕಕ್ಕೆ 2025ರ ಏಪ್ರಿಲಿನಿಂದ ಟಿಸಿಎಸ್ (ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಹಿಡಿಯುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಇದೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ವಿದ್ಯಾರ್ಥಿವೇತನದಲ್ಲಿ ಎರಡನ್ನು ಹೇಳಲೇಬೇಕು. ಬ್ರಿಟನ್ನಿನ ಚೀವ್ನಿಂಗಿಗೆ 2,800 ಗಂಟೆಯ ಕೆಲಸದ ಅನುಭವ ಬೇಕು. ಅರೆಕಾಲಿಕ ಮತ್ತು ಸ್ವಯಂಸೇವೆಯ ಕೆಲಸವೂ ಲೆಕ್ಕಕ್ಕೆ ಬರುವುದರಿಂದ, ಕನ್ನಡ ದಿನಪತ್ರಿಕೆಗೆ ಊರಿನಿಂದ ಸುದ್ದಿ ಕಳಿಸುವವರು ಸಂಪಾದಕರಿಂದ ಗಂಟೆಗಳ ಲೆಕ್ಕ ಇರುವ ಪತ್ರವನ್ನು ವರ್ಷ ವರ್ಷವೂ ತೆಗೆದಿಡಿ. ಅರ್ಜಿ ಆಗಸ್ಟಿನಲ್ಲಿ ತೆರೆಯುತ್ತದೆ. ಪರಿಶಿಷ್ಟ ಜಾತಿ ಮತ್ತು ಕೆಲವು ಹಿಂದುಳಿದ ಸಮುದಾಯಗಳಿಗೆ ಕೇಂದ್ರದ ನ್ಯಾಶನಲ್ ಓವರ್‌ಸೀಸ್ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 125 ಸ್ಥಾನ, ಕುಟುಂಬದ ಆದಾಯ 8 ಲಕ್ಷದ ಒಳಗೆ. ಆದರೆ 2022ರಿಂದ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳಿಗೆ ಅದು ಸಿಗುವುದಿಲ್ಲ. ಊರಿನ ಪ್ರಶ್ನೆಯನ್ನೇ ಇಟ್ಟುಕೊಂಡು ಹೊರಟವರಿಗೆ ಇದು ನೋವಿನ ಸಂಗತಿಯೇ ಸರಿ. ಈ ವೇತನ ಬೇಕಿದ್ದವರು ಡಿಜಿಟಲ್ ಮಾಧ್ಯಮ ಅಥವಾ ಆರೋಗ್ಯ ಸಂವಹನದ ಸಾಮಾನ್ಯ ಕೋರ್ಸನ್ನು ಆರಿಸಬೇಕಾಗುತ್ತದೆ.

ವೀಸಾ

ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಶುಲ್ಕ 2025ರ ಏಪ್ರಿಲಿನಿಂದ 524 ಪೌಂಡ್ ಇತ್ತು, ಆಮೇಲೆ ಏರಿರಬಹುದು. ಆರೋಗ್ಯ ಶುಲ್ಕ ವರ್ಷಕ್ಕೆ 776. ಒಂದು ವರ್ಷದ ಎಂ.ಎ.ಗೆ ಕೊನೆಯಲ್ಲಿ ನಾಲ್ಕು ತಿಂಗಳು ಹೆಚ್ಚುವರಿ ವೀಸಾ ಸಿಗುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಕಟ್ಟಬೇಕು. ಕ್ಷಯ ತಪಾಸಣೆ ಕಡ್ಡಾಯ. ಅದನ್ನು ಅವರು ಗೊತ್ತು ಮಾಡಿದ ಕ್ಲಿನಿಕ್ಕಿನಲ್ಲೇ ಮಾಡಿಸಬೇಕು, ನಮಗೆ ಕೊಚ್ಚಿ ಅಥವಾ ಬೆಂಗಳೂರು. ಪ್ರಮಾಣಪತ್ರ ಆರು ತಿಂಗಳು ಸಲ್ಲುತ್ತದೆ. ವೀಸಾದ ಬೆರಳಚ್ಚನ್ನೂ ಅದೇ ಊರಿನಲ್ಲಿ ಕೊಡುವಂತೆ ದಿನ ಹೊಂದಿಸಿದರೆ ಒಂದು ರಾತ್ರಿಯ ರೈಲು ಪ್ರಯಾಣ ಉಳಿಯುತ್ತದೆ. 2024ರ ಜನವರಿಯಿಂದ ಇಂಥ ಎಂ.ಎ. ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಓದಿದ ಮೇಲಿನ ಗ್ರಾಜುಯೇಟ್ ವೀಸಾ ಎರಡು ವರ್ಷ ಇತ್ತು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು.

ಅಮೆರಿಕಕ್ಕೆ ಐ-20 (ವಿಶ್ವವಿದ್ಯಾಲಯ ವೀಸಾಕ್ಕಾಗಿ ಕೊಡುವ ಪತ್ರ) ಬಂದ ಮೇಲೆ ಸೆವಿಸ್ (ಹೊರದೇಶದ ವಿದ್ಯಾರ್ಥಿಗಳ ನೋಂದಣಿ) ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. ಚೆನ್ನೈಯಲ್ಲಿ ಬೆರಳಚ್ಚು ಒಂದು ದಿನ, ಕಾನ್ಸುಲೇಟಿನ ಸಂದರ್ಶನ ಇನ್ನೊಂದು ದಿನ ಇರುತ್ತದೆ. ಮಂಗಳೂರು–ಚೆನ್ನೈ ರೈಲು ಕಾಸರಗೋಡಿನಲ್ಲೇ ಸಿಗುತ್ತದೆ. ಸಂದರ್ಶನ ಎರಡು ಮೂರು ನಿಮಿಷದ್ದು. ಏನು ಓದುತ್ತೀರಿ, ಯಾಕೆ ಅಲ್ಲೇ, ಖರ್ಚು ಯಾರದ್ದು ಎಂಬ ಮೂರಕ್ಕೆ ಒಂದೊಂದು ನೇರ ವಾಕ್ಯ ತಯಾರಿರಲಿ. 2025ರ ಜೂನಿನಿಂದ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ನಿಯಮ ಇದೆ. ಹಳೆಯ ಖಾತೆಯನ್ನೂ ಅರ್ಜಿಯಲ್ಲಿ ಬರೆಯಿರಿ, ಮುಚ್ಚಿಟ್ಟದ್ದು ಗೊತ್ತಾದರೆ ಅದೇ ತಿರಸ್ಕಾರಕ್ಕೆ ಕಾರಣವಾಗುತ್ತದೆ.

ಜರ್ಮನಿಗೆ ವರ್ಷದ 11,904 ಯೂರೋವನ್ನು ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಇಡಬೇಕು. ನಮ್ಮ ಅರ್ಜಿ ಬೆಂಗಳೂರಿನ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ.

ಮೊದಲ ಸೆಮಿಸ್ಟರ್

ಬ್ರಿಟನ್ನಿನ ಎಂ.ಎ. 180 ಕ್ರೆಡಿಟಿನದ್ದು, ಅದರಲ್ಲಿ ಸಾಮಾನ್ಯವಾಗಿ 60 ಕೊನೆಯ ಪ್ರಬಂಧಕ್ಕೆ. ತರಗತಿ ವಾರಕ್ಕೆ ಎಂಟು ಹತ್ತು ಗಂಟೆ ಮಾತ್ರ ಎಂದು ನೋಡಿ ವಾರಕ್ಕೆ 20 ಗಂಟೆಯ ಕೆಲಸ ಹಿಡಿದವರು ನವೆಂಬರಿನಲ್ಲಿ ಕುಸಿಯುತ್ತಾರೆ, ಯಾಕೆಂದರೆ ಪ್ರತಿ ಸೆಮಿನಾರಿಗೂ ಮೊದಲೇ ಓದಿ ಮುಗಿಸಬೇಕಾದ ಲೇಖನಗಳು ಮೂರು ನಾಲ್ಕು ಇರುತ್ತವೆ. ಮೊದಲ ಎರಡು ತಿಂಗಳು ಕೆಲಸ ಹತ್ತು ಗಂಟೆ ಮೀರದಿರಲಿ. ಲೇಖನವನ್ನು ಮೊದಲ ಪುಟದಿಂದ ಕೊನೆಯ ತನಕ ಒಂದೇ ಉಸಿರಿಗೆ ಓದಬೇಡಿ. ಮೊದಲು ಪೀಠಿಕೆ ಮತ್ತು ಕೊನೆಯ ಭಾಗ, ಆಮೇಲೆ ವಿಧಾನ, ಬಳಿಕ ಉಳಿದದ್ದು. ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಬರೆದಿಟ್ಟು ಸೆಮಿನಾರಿನಲ್ಲಿ ಅದನ್ನು ಕೇಳಿ. ಹಿರಿಯರ ಮಾತಿಗೆ ಎದುರು ಹೇಳಬಾರದು ಎಂಬ ನಮ್ಮ ರೂಢಿಯಿಂದ ಸುಮ್ಮನೆ ಕುಳಿತರೆ ಅಲ್ಲಿ ಓದಿಲ್ಲವೆಂದೇ ತಿಳಿಯುತ್ತಾರೆ.

ಬೇರೆಯವರ ವಾಕ್ಯವನ್ನು ಹೆಸರು ಹೇಳದೆ ಬಳಸುವುದು ಅಲ್ಲಿ ಗಂಭೀರ ಅಪರಾಧ. ಕನ್ನಡದಿಂದ ಅನುವಾದಿಸಿ ಬಳಸಿದರೂ ಮೂಲವನ್ನು ಹೇಳಬೇಕು. ಎಐ ಉಪಕರಣದ ನಿಯಮ ಪತ್ರಿಕೆಯಿಂದ ಪತ್ರಿಕೆಗೆ ಬೇರೆ, ಮೊದಲ ವಾರವೇ ಲಿಖಿತವಾಗಿ ಕೇಳಿ.

ಊರಿಗೆ ಬಂದು ಪ್ರಬಂಧಕ್ಕೆ ಸಂದರ್ಶನ ಮಾಡುವ ಯೋಚನೆ ಇದ್ದರೆ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು, ಅಮೆರಿಕದಲ್ಲಿ ಅದನ್ನು ಐಆರ್‌ಬಿ ಎನ್ನುತ್ತಾರೆ. ಒಪ್ಪಿಗೆಗೆ ಮೊದಲು ಮಾಡಿದ ಒಂದು ಸಂದರ್ಶನವನ್ನೂ ಬಳಸುವಂತಿಲ್ಲ. ಎಂಡೋಸಲ್ಫಾನ್ ಬಾಧಿತರ ಮನೆಯವರಂಥ ನೊಂದವರ ಜೊತೆ ಮಾತಾಡುವುದಾದರೆ ಪರಿಶೀಲನೆ ಬಿಗಿಯಾಗಿರುತ್ತದೆ, ಆರರಿಂದ ಎಂಟು ವಾರ ಕೈಯಲ್ಲಿಟ್ಟುಕೊಳ್ಳಿ. ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ ಕನ್ನಡ, ಮಲಯಾಳ ಎರಡರಲ್ಲೂ ಬೇಕು. ತುಳುವಿನಲ್ಲಿ ಮಾತಾಡುವವರಿಗೆ, ಓದು ಬಾರದವರಿಗೆ ಓದಿ ಹೇಳಿ, ಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಿಸುವ ಕ್ರಮಕ್ಕೆ ಅರ್ಜಿಯಲ್ಲೇ ಅನುಮತಿ ಕೇಳಿ. ಅನುವಾದ ಯಾರು ಮಾಡಿದರು, ಧ್ವನಿಮುದ್ರಿಕೆ ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಎಂದೂ ಬರೆಯಬೇಕು. ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಸಣ್ಣ ಊರಿನಲ್ಲಿ ಮನೆ ಇರುವ ಜಾಗ, ಮಗುವಿನ ವಯಸ್ಸು, ತಂದೆಯ ಕೆಲಸ ಹೇಳಿದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಆ ಮೂರನ್ನೂ ಪ್ರಬಂಧದಲ್ಲಿ ಒಟ್ಟಿಗೆ ಬರದಂತೆ ನೋಡಿಕೊಳ್ಳಿ, ಮುಗಿದ ಮೇಲೆ ಅದರ ಸಾರವನ್ನು ಅವರ ಭಾಷೆಯಲ್ಲಿ ಎರಡು ಪುಟ ಬರೆದು ಆ ಮನೆಗಳಿಗೆ ಮುಟ್ಟಿಸಿ.